ಹಳೆಯ ವಿಡಿಯೊ ಟೇಪುಗಳಿಗೆ ಕೈಗೆಟುಕುವ ಡಿಜಿಟಲ್ ಮೂಲಪ್ರತಿ: ಯಾವ ಫಾರ್ಮ್ಯಾಟ್, ಏಕೆ, ಹೇಗೆ

ಇಪ್ಪತ್ತು ವರ್ಷಗಳ ಹಿಂದೆ ಊರೂರಿನ ಸ್ಟುಡಿಯೊಗಳು ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಹಾಕಿಕೊಡುತ್ತಿದ್ದವು. ಮದುವೆ, ಮಠದ ಉತ್ಸವ, ಹವ್ಯಾಸಿ ತಂಡದ ನಾಟಕ, ರಾತ್ರಿಯಿಡೀ ನಡೆದ ಯಕ್ಷಗಾನದ ಆಟ, ಎಲ್ಲವೂ ಹೊಳೆಯುವ ತಟ್ಟೆಗಳಾದವು. ಕ್ಯಾಸೆಟ್ಟುಗಳು ಗುಜರಿಗೆ ಹೋದವು. ಒಂದು ಪದರದ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ. ಮೂರು ಗಂಟೆಯ ಕ್ಯಾಸೆಟ್ಟಿನ ಸಿಗ್ನಲ್ಲನ್ನು ಏನನ್ನೂ ಬಿಡದೆ ಬರೆದುಕೊಂಡರೆ ಸುಮಾರು 224 ಜಿಬಿ ಬೇಕು. ಅಂದರೆ ಚಿತ್ರವನ್ನು ಸುಮಾರು 48 ಪಟ್ಟು ಹಿಂಡಿ ಆ ತಟ್ಟೆಯೊಳಗೆ ತುರುಕಲಾಗಿತ್ತು. ಕತ್ತಲ ಹಿನ್ನೆಲೆ, ಜೋರಾದ ಚಲನೆ, ರೇಷ್ಮೆಯ ನೇಯ್ಗೆ, ಇಂಥ ಕಡೆಯೆಲ್ಲ ಚಿತ್ರ ಚೌಕ ಚೌಕವಾಗಿ ಒಡೆಯಿತು. ಟೇಪು ಕೈಬಿಟ್ಟು ಹೋದಮೇಲೆ ಅದನ್ನು ಸರಿಪಡಿಸುವ ದಾರಿ ಇಲ್ಲ.

ಇನ್ನೂ ಉಳಿದಿರುವ ಟೇಪುಗಳಿಗೆ ಅದೇ ಗತಿ ಬರಬಾರದು. ಟೇಪು ಓಡಿಸುವ ಯಂತ್ರದಲ್ಲಿ, ಅಂದರೆ ಡೆಕ್ಕಿನಲ್ಲಿ, ಹಾಕಿ ಸಿಗ್ನಲ್ ತೆಗೆಯುವ ಅವಕಾಶ ಬಹುತೇಕ ಟೇಪುಗಳಿಗೆ ಇನ್ನೊಂದೇ ಸಲ ಸಿಗುತ್ತದೆ. ಬೀಟಾಮ್ಯಾಕ್ಸ್ ಕ್ಯಾಸೆಟ್ಟುಗಳ ತಯಾರಿಕೆಯನ್ನು ಸೋನಿ 2016ರ ಮಾರ್ಚಿನಲ್ಲಿ ನಿಲ್ಲಿಸಿತು. ಅದೇ ವರ್ಷದ ಜುಲೈಯಲ್ಲಿ ಜಪಾನಿನ ಫುನಾಯ್ ಕಂಪನಿ ವಿಸಿಆರ್ ತಯಾರಿಕೆಗೆ ಕೊನೆ ಹಾಡಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ ಟೇಪುಗಳನ್ನು ಡಿಜಿಟಲ್ ಮಾಡಿ ಮುಗಿಸಲು 2025ನ್ನೇ ಗಡುವಾಗಿ ಇಟ್ಟುಕೊಂಡಿತ್ತು. 2019ರಲ್ಲಿ ಯುನೆಸ್ಕೊ ಕೂಡ ಇದೇ ಎಚ್ಚರಿಕೆ ಕೊಟ್ಟಿತು. ಟೇಪನ್ನು ಓದುವ ಹೊಸ ಹೆಡ್ಡು, ಹೊಸ ಬೆಲ್ಟು, ರಿಪೇರಿ ಬಲ್ಲ ಮೆಕ್ಯಾನಿಕ್ಕು, ಮೂರೂ ಒಟ್ಟಿಗೆ ಕಮ್ಮಿಯಾಗುತ್ತಿವೆ. ಹಾಗಾಗಿ ಒಮ್ಮೆ ತೆಗೆಯುವಾಗ ಪೂರ್ತಿ ತೆಗೆಯಬೇಕು. ಉಳಿತಾಯ ಮಾಡುವುದಿದ್ದರೆ ಪುಕ್ಕಟೆ ಸಿಗುವ ಒಳ್ಳೆಯ ಫಾರ್ಮ್ಯಾಟಿನಲ್ಲಿ ಮಾಡಬೇಕು, ಸಿಗ್ನಲ್ಲನ್ನು ಕತ್ತರಿಸಿ ಅಲ್ಲ.

ಒಂದು ಗಂಟೆಗೆ ಎಷ್ಟು ಜಾಗ

ಭಾರತದ ಟೇಪುಗಳು ಪಾಲ್ ಪದ್ಧತಿಯವು. ಚಿತ್ರದಲ್ಲಿ ಒಟ್ಟು 625 ಗೆರೆ, ಅದರಲ್ಲಿ ಚಿತ್ರ ಹೊತ್ತದ್ದು 576. ಸೆಕೆಂಡಿಗೆ 25 ಫ್ರೇಮು, ಒಂದೊಂದು ಫ್ರೇಮೂ ಎರಡು ಫೀಲ್ಡುಗಳ ಜೋಡಿ: ಬೆಸ ಗೆರೆಗಳದ್ದೊಂದು, ಸಮ ಗೆರೆಗಳದ್ದೊಂದು. ಈ ಎರಡು ಫೀಲ್ಡುಗಳನ್ನು ಕ್ಯಾಮೆರಾ ಒಂದೇ ಕ್ಷಣದಲ್ಲಿ ಹಿಡಿದದ್ದಲ್ಲ. ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗದ ಅಂತರವಿದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಡಿಜಿಟಲ್ ಆದಾಗ ಪ್ರತಿ ಗೆರೆಯಲ್ಲಿ 720 ಬಿಂದು. ಹೊಳಪನ್ನು ಪ್ರತಿ ಬಿಂದುವಿಗೂ, ಬಣ್ಣವನ್ನು ಒಂದು ಬಿಟ್ಟು ಒಂದು ಬಿಂದುವಿಗೂ ಬರೆದುಕೊಳ್ಳುವ ಕ್ರಮಕ್ಕೆ 4:2:2 ಎನ್ನುತ್ತಾರೆ. ಹೊಳಪನ್ನು 256 ಮೆಟ್ಟಿಲುಗಳಲ್ಲಿ ಅಳೆದರೆ 8 ಬಿಟ್, 1024 ಮೆಟ್ಟಿಲುಗಳಲ್ಲಿ ಅಳೆದರೆ 10 ಬಿಟ್. ಏನೂ ಸಂಕೋಚಿಸದೆ 8 ಬಿಟ್‌ನಲ್ಲಿ ಬರೆದರೆ ಸೆಕೆಂಡಿಗೆ 20.7 ಎಂಬಿ, ಗಂಟೆಗೆ 74.6 ಜಿಬಿ. 10 ಬಿಟ್‌ಗೆ ಸಾಮಾನ್ಯವಾಗಿ ಬಳಸುವ ವಿ210 ಎಂಬ ಜೋಡಣೆಯಲ್ಲಿ ಸೆಕೆಂಡಿಗೆ 27.6 ಎಂಬಿ, ಗಂಟೆಗೆ 99.5 ಜಿಬಿ. ಧ್ವನಿ ಇದಕ್ಕೆ ಹೆಚ್ಚೇನೂ ಸೇರಿಸುವುದಿಲ್ಲ: 48 ಕಿಲೊಹರ್ಟ್ಸ್, 24 ಬಿಟ್, ಎರಡು ಚಾನೆಲ್ಲಿಗೆ ಗಂಟೆಗೆ ಸುಮಾರು 1 ಜಿಬಿ.

ಸಣ್ಣ ಸಂಸ್ಥೆಯೊಂದರಲ್ಲಿ 200 ಗಂಟೆಯ ಟೇಪು ಇದೆ ಎಂದುಕೊಳ್ಳಿ. ವಿ210ರಲ್ಲಿ ಅದು 20 ಟಿಬಿ ಆಗುತ್ತದೆ. ಎರಡು ಪ್ರತಿ ಇಟ್ಟರೆ 40. ಈ ಲೆಕ್ಕ ನೋಡಿ ಹೆದರಿದವರು ನೇರವಾಗಿ ಎಂಪಿ4ಗೆ ಇಳಿದುಬಿಡುತ್ತಾರೆ. ನಡುವೆ ಒಂದು ಒಳ್ಳೆಯ ದಾರಿ ಇರುವುದು ಅವರಿಗೆ ಯಾರೂ ಹೇಳಿರುವುದಿಲ್ಲ.

ಎಫ್‌ಎಫ್‌ವಿ1 ಮತ್ತು ಮಟ್ರೋಸ್ಕಾ

ವಿಡಿಯೊ ಫೈಲ್ ಅಂದಾಗ ಎರಡು ಬೇರೆ ಸಂಗತಿ ಸೇರಿರುತ್ತವೆ. ಸೀರೆ ಮಡಚುವ ರೀತಿ ಬೇರೆ, ಅದನ್ನು ಇಡುವ ಟ್ರಂಕು ಬೇರೆ. ಮಡಚುವ ರೀತಿಗೆ ಕೊಡೆಕ್, ಟ್ರಂಕಿಗೆ ಕಂಟೇನರ್ ಎಂದು ಹೆಸರು. ಎಂಪಿ4, ಎಂಒವಿ, ಎಂಕೆವಿ ಇವೆಲ್ಲ ಟ್ರಂಕುಗಳು. ಒಳಗೆ ಏನು, ಹೇಗೆ ಮಡಚಿದ್ದಾರೆ ಎನ್ನುವುದು ಫೈಲಿನ ಬಾಲದಲ್ಲಿರುವ ಆ ಮೂರು ಅಕ್ಷರಗಳಿಂದ ತಿಳಿಯುವುದಿಲ್ಲ.

ಎಫ್‌ಎಫ್‌ವಿ1 ನಷ್ಟವಿಲ್ಲದ ಕೊಡೆಕ್. ವಿಡಿಯೊ ಬದಲಿಸುವ ಮುಕ್ತ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್ ಯೋಜನೆಯಲ್ಲಿ 2003ರ ಸುಮಾರಿಗೆ ಹುಟ್ಟಿದ್ದು. 2021ರಲ್ಲಿ ಇಂಟರ್ನೆಟ್ ಮಾನಕಗಳ ಮಂಡಳಿ ಅದರ ವಿವರಣೆಯನ್ನು ಆರ್‌ಎಫ್‌ಸಿ 9043 ಎಂಬ ಬಹಿರಂಗ ದಾಖಲೆಯಾಗಿ ಪ್ರಕಟಿಸಿತು. ಎಂಕೆವಿ ಎಂದು ನಾವು ಕರೆಯುವ ಮಟ್ರೋಸ್ಕಾ ಕಂಟೇನರಿಗೂ 2024ರಲ್ಲಿ ಆರ್‌ಎಫ್‌ಸಿ 9559 ಬಂತು. ಎರಡಕ್ಕೂ ಲೈಸೆನ್ಸ್ ಶುಲ್ಕವಿಲ್ಲ, ಎರಡರ ರಚನೆಯೂ ಬಹಿರಂಗ. ಐವತ್ತು ವರ್ಷದ ಮೇಲೆ ಇಂದಿನ ಒಂದು ಸಾಫ್ಟ್‌ವೇರೂ ಉಳಿಯದಿದ್ದರೂ ಆ ದಾಖಲೆ ಓದಿ ಫೈಲ್ ತೆರೆಯುವ ಪ್ರೋಗ್ರಾಂ ಬರೆಯಬಹುದು. ಸಂಗ್ರಹಕ್ಕೆ ಇದಕ್ಕಿಂತ ದೊಡ್ಡ ಭರವಸೆ ಬೇರೆಯಿಲ್ಲ.

ನಷ್ಟವಿಲ್ಲದೆ ಚಿಕ್ಕದಾಗುವುದು ಹೇಗೆ? ಒಂದು ಬಿಂದುವಿನ ಎಡಕ್ಕೆ, ಮೇಲಕ್ಕೆ, ಮೇಲಿನ ಎಡ ಮೂಲೆಗೆ ಇರುವ ಬಿಂದುಗಳನ್ನು ನೋಡಿ ಇದರ ಬೆಲೆ ಇಷ್ಟಿರಬಹುದು ಎಂದು ಕೊಡೆಕ್ ಊಹಿಸುತ್ತದೆ. ಆಮೇಲೆ ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಬರೆದಿಡುತ್ತದೆ. ಗೋಡೆ, ಆಕಾಶ, ಪರದೆ ಇರುವ ಕಡೆ ವ್ಯತ್ಯಾಸ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ, ಅದಕ್ಕೆ ಜಾಗ ಅತಿ ಕಮ್ಮಿ. ಬಿಚ್ಚುವಾಗ ಅದೇ ಊಹೆಗೆ ಅದೇ ವ್ಯತ್ಯಾಸ ಕೂಡಿಸಿದರೆ ಮೂಲದ ಪ್ರತಿಯೊಂದು ಬಿಟ್ಟೂ ವಾಪಸು. ಇದರಿಂದಲೇ ಇನ್ನೊಂದು ಮಾತೂ ತಿಳಿಯುತ್ತದೆ: ಚುಕ್ಕೆ ಚುಕ್ಕೆಯಾದ ವಿಎಚ್‌ಎಸ್ ಟೇಪಿನ ಫೈಲು ವೃತ್ತಿಪರರು ಬಳಸುತ್ತಿದ್ದ ಶುಭ್ರವಾದ ಬೀಟಾಕ್ಯಾಮ್ ಟೇಪಿನದ್ದಕ್ಕಿಂತ ದೊಡ್ಡದಾಗಿರುತ್ತದೆ, ಏಕೆಂದರೆ ಚುಕ್ಕೆಗಳನ್ನು ಊಹಿಸಲಾಗದು. ಫೈಲು ಚಿಕ್ಕದಾಗಲಿ ಎಂದು ಮೂಲಪ್ರತಿಯಲ್ಲೇ ಚುಕ್ಕೆ ಅಳಿಸುವ ಫಿಲ್ಟರ್ ಹಾಕಬೇಡಿ. ಚುಕ್ಕೆಯ ಜತೆ ಚಿತ್ರದ ನವುರೂ ಹೋಗುತ್ತದೆ.

10 ಬಿಟ್ ಪಾಲ್ ಚಿತ್ರ ಎಫ್‌ಎಫ್‌ವಿ1ರಲ್ಲಿ ಗಂಟೆಗೆ ಸುಮಾರು 35ರಿಂದ 50 ಜಿಬಿ ಆಗುತ್ತದೆ. 45 ಎಂದು ಹಿಡಿದರೆ 200 ಗಂಟೆಗೆ 9 ಟಿಬಿ. 12 ಟಿಬಿಯ ಒಂದೇ ಹಾರ್ಡ್ ಡಿಸ್ಕಿನಲ್ಲಿ ಇಡೀ ಸಂಗ್ರಹ ಕೂರುತ್ತದೆ. ಹೋಲಿಕೆಗೆ ಹೇಳುವುದಾದರೆ, ಸ್ಟುಡಿಯೊಗಳಿಗೆ ಪ್ರಿಯವಾದ ಆಪಲ್ ಪ್ರೊರೆಸ್ 422 ಎಚ್‌ಕ್ಯೂ ಪಾಲ್ ಚಿತ್ರಕ್ಕೆ ಗಂಟೆಗೆ 28 ಜಿಬಿ ತೆಗೆದುಕೊಳ್ಳುತ್ತದೆ. ಅದು ನಷ್ಟವಿರುವ ಕೊಡೆಕ್, ಒಂದು ಕಂಪನಿಯ ಸೊತ್ತು. ಇನ್ನೊಂದು ಹದಿನೈದು ಇಪ್ಪತ್ತು ಜಿಬಿಗಾಗಿ ಪೂರ್ತಿ ಸಿಗ್ನಲ್ಲನ್ನು ಬಿಟ್ಟುಕೊಡುವುದು ಬುದ್ಧಿವಂತಿಕೆಯಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಎಂಎಕ್ಸ್‌ಎಫ್ ಕಂಟೇನರಿನಲ್ಲಿ ನಷ್ಟವಿಲ್ಲದ ಜೆಪೆಗ್ 2000 ಬಳಸುತ್ತದೆ. ಗುಣದಲ್ಲಿ ಅದೂ ಎಫ್‌ಎಫ್‌ವಿ1ಕ್ಕೆ ಸಮ. ಆದರೆ ಕಂಪ್ಯೂಟರಿಗೆ ಹೆಚ್ಚು ಶ್ರಮ ಕೊಡುತ್ತದೆ, ಅದಕ್ಕೆ ಬೇಕಾದ ಸಲಕರಣೆಗಳೂ ದುಬಾರಿ. ವಿಯೆನ್ನಾದ ಆಸ್ಟ್ರಿಯನ್ ಮೀಡಿಯಾಟೆಕ್, ಕೆನಡಾದ ವ್ಯಾಂಕೂವರ್ ನಗರ ದಫ್ತರಖಾನೆ ಮೊದಲಾದವು ಎಫ್‌ಎಫ್‌ವಿ1ನ್ನು ಆರಿಸಿಕೊಂಡಿವೆ. ಸಣ್ಣ ಬಜೆಟ್ಟಿನವರಿಗೆ ಇದೇ ಸರಿಯಾದ ಆಯ್ಕೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಎಫ್‌ಎಫ್‌ಎಂಪೆಗ್‌ನಲ್ಲಿ ಸುಮ್ಮನೆ ಎಫ್‌ಎಫ್‌ವಿ1 ಎಂದಷ್ಟೇ ಆರಿಸಿದರೆ ಸಾಲದು. ಲೆವೆಲ್ 3 ಎಂದು ಹೇಳಬೇಕು. ಜಿಒಪಿ 1 ಇಡಬೇಕು; ಆಗ ಪ್ರತಿ ಫ್ರೇಮೂ ತನ್ನ ಕಾಲ ಮೇಲೆ ನಿಲ್ಲುತ್ತದೆ, ಹಿಂದಿನ ಫ್ರೇಮನ್ನು ಅವಲಂಬಿಸುವುದಿಲ್ಲ. ಸ್ಲೈಸ್ 16 ಅಥವಾ 24 ಇಟ್ಟರೆ ಪ್ರತಿ ಫ್ರೇಮು ಅಷ್ಟು ತುಂಡಾಗುತ್ತದೆ. ಸ್ಲೈಸ್ ಸಿಆರ್‌ಸಿ ಚಾಲೂ ಮಾಡಿದರೆ ಪ್ರತಿ ತುಂಡಿಗೂ ಅದು ಕೆಟ್ಟಿದೆಯೇ ಎಂದು ಹೇಳುವ ಒಂದು ತಾಳೆ ಸಂಖ್ಯೆ ಸೇರುತ್ತದೆ. ಹತ್ತು ವರ್ಷದ ಮೇಲೆ ಡಿಸ್ಕಿನಲ್ಲಿ ಒಂದು ಬಿಟ್ಟು ಕೆಟ್ಟರೆ ಹಾಳಾಗುವುದು ಒಂದು ಫ್ರೇಮಿನ ಇಪ್ಪತ್ತನಾಲ್ಕನೇ ಒಂದು ತುಂಡು ಮಾತ್ರ. ಯಾವ ತುಂಡು ಎನ್ನುವುದನ್ನೂ ಫೈಲೇ ಹೇಳುತ್ತದೆ. ಸಂಕೋಚಿಸದ ವಿ210ರಲ್ಲೂ ಈ ಸೌಕರ್ಯ ಇಲ್ಲ.

10 ಬಿಟ್ಟೋ 8 ಬಿಟ್ಟೋ? ಬೀಟಾಕ್ಯಾಮ್ ಎಸ್‌ಪಿ, ಯು-ಮ್ಯಾಟಿಕ್‌ನಂಥ ವೃತ್ತಿಪರ ಟೇಪುಗಳಿಗೆ 10ಕ್ಕಿಂತ ಇಳಿಯಬೇಡಿ. ಮುಂದೆ ಯಾರಾದರೂ ಕತ್ತಲೆ ದೃಶ್ಯವನ್ನು ಬೆಳಗಿಸಲು ಹೊರಟಾಗ 8 ಬಿಟ್ಟಿನ ಮೆಟ್ಟಿಲುಗಳು ಪಟ್ಟೆ ಪಟ್ಟೆಯಾಗಿ ಕಾಣತೊಡಗುತ್ತವೆ. ಮನೆಮಟ್ಟದ ವಿಎಚ್‌ಎಸ್ ಟೇಪುಗಳಿಗೆ, ಜಾಗವೇ ಇಲ್ಲ ಎನ್ನುವಾಗ, 8 ಬಿಟ್ಟಿನ ಎಫ್‌ಎಫ್‌ವಿ1 ಒಪ್ಪಬಹುದಾದ ರಾಜಿ. ಎಂಪಿ4ಗಳಲ್ಲಿ ಸಾಮಾನ್ಯವಾಗಿರುವ, ನಷ್ಟವಿರುವ ಎಚ್.264 ಕೊಡೆಕ್ಕಿಗಿಂತ ಅದು ಎಷ್ಟೋ ಮೇಲು.

ಒಂದು ತೊಡಕನ್ನು ಮೊದಲೇ ಹೇಳಿಬಿಡಬೇಕು. ವಿಎಲ್‌ಸಿ, ಎಂಪಿವಿಯಂಥ ಪ್ಲೇಯರುಗಳು ಈ ಫೈಲನ್ನು ಸಲೀಸಾಗಿ ತೋರಿಸುತ್ತವೆ, ಆದರೆ ಎಡಿಟಿಂಗ್ ಸಾಫ್ಟ್‌ವೇರುಗಳಲ್ಲಿ ಹೆಚ್ಚಿನವು ನೇರವಾಗಿ ತೆರೆಯುವುದಿಲ್ಲ. ಎಡಿಟರ್ ಕೇಳಿದಾಗ ಪ್ರೊರೆಸ್ ಪ್ರತಿ ಮಾಡಿಕೊಡಿ, ಮೂಲಪ್ರತಿ ಇದ್ದಲ್ಲೇ ಇರಲಿ.

ಡಿವಿ ಟೇಪುಗಳ ಮಾತೇ ಬೇರೆ

ಮಿನಿ ಡಿವಿ, ಡಿವಿಕ್ಯಾಮ್, ಡಿಜಿಟಲ್8 ಟೇಪುಗಳಲ್ಲಿ ಇರುವುದು ಆಗಲೇ ಡಿಜಿಟಲ್ ಆದ, ಆಗಲೇ ಸಂಕೋಚಿಸಿದ ಅಂಕಿಗಳು. ಇವನ್ನು ಎಸ್-ವಿಡಿಯೊ ಕೇಬಲ್ಲಿನಲ್ಲಿ ಅನಲಾಗ್ ಮಾಡಿ ಮತ್ತೆ ಡಿಜಿಟಲ್ ಮಾಡುವುದು ದೊಡ್ಡ ತಪ್ಪು. ಫೈರ್‌ವೈರ್ ಕೇಬಲ್ ಮೂಲಕ ಟೇಪಿನ ಅಂಕಿಗಳನ್ನು ಹಾಗೆಹಾಗೇ ಎತ್ತಿಕೊಳ್ಳಬೇಕು. ಪಾಲ್ ಡಿವಿಯಲ್ಲಿ ಒಂದು ಫ್ರೇಮಿಗೆ 1,44,000 ಬೈಟು, ಗಂಟೆಗೆ ಸರಿಸುಮಾರು 13 ಜಿಬಿ. ಅದನ್ನು ಎಫ್‌ಎಫ್‌ವಿ1ಕ್ಕೆ ಬದಲಿಸಿದರೆ ಫೈಲು ಹಿಗ್ಗುತ್ತದೆ, ಚಿತ್ರ ಚೂರೂ ಸುಧಾರಿಸುವುದಿಲ್ಲ, ಜತೆಗೆ ಡಿವಿ ಅಂಕಿಗಳ ನಡುವೆ ಹುದುಗಿರುವ ಚಿತ್ರೀಕರಣದ ದಿನಾಂಕ, ಸಮಯ, ಟೈಮ್‌ಕೋಡ್ ಕಳೆದುಹೋಗುತ್ತವೆ. ಡಿವಿ ಡಿವಿಯಾಗಿಯೇ ಉಳಿಯಲಿ.

ಹೊಸ ಲ್ಯಾಪ್‌ಟಾಪುಗಳಲ್ಲಿ ಫೈರ್‌ವೈರ್ ಕಿಂಡಿ ಇಲ್ಲ. ಹಳೆಯ ಡೆಸ್ಕ್‌ಟಾಪಿಗೆ ಫೈರ್‌ವೈರ್ ಕಾರ್ಡು ಹಾಕಿ, ಲಿನಕ್ಸ್ ಇಳಿಸಿ, ಡಿವಿಗ್ರ್ಯಾಬ್ ಎಂಬ ಸಣ್ಣ ಪ್ರೋಗ್ರಾಂ ಬಳಸುವುದು ಅತಿ ಅಗ್ಗದ ದಾರಿ. ಡಿವಿ ಟೇಪು ಕೆಟ್ಟಾಗ ಪ್ಲೇಯರು ಆ ಜಾಗಕ್ಕೆ ಹಿಂದಿನ ಫ್ರೇಮಿನ ತುಂಡನ್ನು ತೇಪೆ ಹಾಕಿ ತಪ್ಪನ್ನು ಮುಚ್ಚಿಡುತ್ತದೆ. ಕಣ್ಣಿಗೆ ಕಾಣದ ಈ ತೇಪೆಗಳನ್ನು ಡಿವಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಪತ್ತೆಹಚ್ಚುತ್ತದೆ. ಒಂದೇ ಟೇಪನ್ನು ಎರಡು ಮೂರು ಸಲ ಓಡಿಸಿದರೆ ಪ್ರತಿ ಓಟದಲ್ಲಿ ಸರಿಯಾಗಿ ಬಂದ ತುಂಡುಗಳನ್ನು ಆಯ್ದು ಒಂದು ಒಳ್ಳೆಯ ಫೈಲು ಕಟ್ಟಿಕೊಡುತ್ತದೆ.

ಡೆಕ್ಕಿನಿಂದ ಕಂಪ್ಯೂಟರಿಗೆ

ಇಲ್ಲಿಯೇ ಹೆಚ್ಚಿನ ಕೆಲಸ ಕೆಡುವುದು. ಫಾರ್ಮ್ಯಾಟ್ ಎಷ್ಟೇ ಒಳ್ಳೆಯದಿದ್ದರೂ ಕೆಟ್ಟ ಸಿಗ್ನಲ್ಲನ್ನು ಅದು ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ.

ವಿಎಚ್‌ಎಸ್ ಟೇಪು ಹೊಳಪನ್ನೂ ಬಣ್ಣವನ್ನೂ ಬೇರೆ ಬೇರೆ ಆವರ್ತನದಲ್ಲಿ ಬರೆದಿಡುತ್ತದೆ. ಹಳದಿ ಕಂಪೊಸಿಟ್ ಕೇಬಲ್ಲಿನಲ್ಲಿ ಎರಡೂ ಬೆರೆತು ಬರುತ್ತವೆ, ಕ್ಯಾಪ್ಚರ್ ಕಾರ್ಡು ಮತ್ತೆ ಬೇರ್ಪಡಿಸಬೇಕಾಗುತ್ತದೆ. ಬಣ್ಣದ ಅಂಚುಗಳಲ್ಲಿ ಚುಕ್ಕಿಗಳು ತೆವಳುವುದು ಇದರಿಂದಲೇ. ಎಸ್-ವಿಎಚ್‌ಎಸ್ ಡೆಕ್ ಸಿಕ್ಕರೆ ಅದರ ನಾಲ್ಕು ಪಿನ್ನಿನ ಎಸ್-ವಿಡಿಯೊ ಕಿಂಡಿಯಿಂದ ತೆಗೆಯಿರಿ. ಸಾಮಾನ್ಯ ವಿಎಚ್‌ಎಸ್ ಟೇಪು ಅದರಲ್ಲಿ ಚೆನ್ನಾಗಿ ಓಡುತ್ತದೆ. ಬೀಟಾಕ್ಯಾಮ್ ಎಸ್‌ಪಿಗೆ ಮೂರು ತಂತಿಯ ಕಾಂಪೊನೆಂಟ್ ಕೇಬಲ್ಲು. ಡಿಜಿಟಲ್ ಬೀಟಾಕ್ಯಾಮ್‌ಗೆ ಎಸ್‌ಡಿಐ ಎಂಬ ಡಿಜಿಟಲ್ ಕೇಬಲ್ಲು.

ಮುಂದಿನದು ಟಿಬಿಸಿ, ಟೈಮ್ ಬೇಸ್ ಕರೆಕ್ಟರ್. ಪಾಲ್ ಚಿತ್ರದ ಪ್ರತಿ ಗೆರೆಯೂ 64 ಮೈಕ್ರೊಸೆಕೆಂಡಿಗೆ ಸರಿಯಾಗಿ ಬರಬೇಕು. ಹಳೆಯ ಟೇಪು ಹಿಗ್ಗಿರುತ್ತದೆ, ಮೋಟಾರು ಏರುಪೇರಾಗಿ ತಿರುಗುತ್ತದೆ, ಗೆರೆಗಳು ಸ್ವಲ್ಪ ಮುಂಚೆ, ಸ್ವಲ್ಪ ತಡವಾಗಿ ಬರುತ್ತವೆ. ಹಳೆಯ ಟಿವಿ ಇದನ್ನು ಸಹಿಸಿಕೊಳ್ಳುತ್ತಿತ್ತು. ಕ್ಯಾಪ್ಚರ್ ಕಾರ್ಡು ಸಹಿಸುವುದಿಲ್ಲ: ನೇರ ಕಂಬಗಳು ಅಲೆಯಂತೆ ಬಾಗುತ್ತವೆ, ಫ್ರೇಮುಗಳು ಬಿದ್ದುಹೋಗುತ್ತವೆ, ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಾತಿಗೂ ತುಟಿಗೂ ತಾಳೆಯಾಗುವುದಿಲ್ಲ. ಗೆರೆಗಳನ್ನು ಜೋಡಿಸುವ ಟಿಬಿಸಿ ಕೆಲವು ಎಸ್-ವಿಎಚ್‌ಎಸ್ ಡೆಕ್ಕುಗಳ ಒಳಗೇ ಇರುತ್ತದೆ. ಫ್ರೇಮುಗಳನ್ನು ಹದಕ್ಕೆ ತರುವ ಫ್ರೇಮ್ ಸಿಂಕ್ರೊನೈಸರ್ ಹೊರಗಿನ ಪೆಟ್ಟಿಗೆ. ಹಣವಿದ್ದರೆ ಮೊದಲು ಇದಕ್ಕೆ ಸುರಿಯಬೇಕು, ಕಂಪ್ಯೂಟರಿಗಲ್ಲ. ಇಲ್ಲದವರು ಕೆಲವು ಹಳೆಯ ಡಿವಿಡಿ ರೆಕಾರ್ಡರುಗಳ ಮೂಲಕ ಸಿಗ್ನಲ್ಲನ್ನು ಹಾಯಿಸಿ ತೆಗೆಯುವುದುಂಟು. ಗೆರೆಗಳು ನೇರವಾಗುತ್ತವೆ ನಿಜ, ಆದರೆ ಹೊಳಪಿನ ಮಟ್ಟ ಬದಲಾಗಬಹುದು, ಕೆಲವು ಯಂತ್ರಗಳು ತಾವಾಗಿಯೇ ಚುಕ್ಕೆಗಳನ್ನು ಸವರಿಬಿಡುತ್ತವೆ. ಐದು ನಿಮಿಷ ಎರಡೂ ರೀತಿ ತೆಗೆದು ಹೋಲಿಸಿ ನೋಡದೆ ಇದಕ್ಕೆ ಇಳಿಯಬೇಡಿ.

ಕಂಪ್ಯೂಟರಿಗೆ ಬ್ಲ್ಯಾಕ್‌ಮ್ಯಾಜಿಕ್ ಡೆಕ್‌ಲಿಂಕ್ ಥರದ ಕಾರ್ಡು ಹಾಕಿದರೆ ವಿರೆಕಾರ್ಡ್ ಎಂಬ ಉಚಿತ ತಂತ್ರಾಂಶ ಮ್ಯಾಕ್ ಮತ್ತು ಲಿನಕ್ಸಿನಲ್ಲಿ ನೇರವಾಗಿ ಎಫ್‌ಎಫ್‌ವಿ1ಕ್ಕೇ ರೆಕಾರ್ಡ್ ಮಾಡುತ್ತದೆ. ಹೊಳಪಿನ ಗ್ರಾಫನ್ನೂ ತೋರಿಸುತ್ತದೆ. ಇದು ಸಂಗ್ರಹಾಲಯದ ತಂತ್ರಜ್ಞರು ತಮ್ಮ ಕೆಲಸಕ್ಕೆಂದೇ ಬರೆದದ್ದು. ಅಗ್ಗದ ಯುಎಸ್‌ಬಿ ಡಾಂಗಲ್ಲುಗಳಲ್ಲಿ ಕೆಲವು 8 ಬಿಟ್ 4:2:2 ಸಿಗ್ನಲ್ಲನ್ನು ಸಂಕೋಚಿಸದೆ ಕೊಡುತ್ತವೆ. ಅಂಥದ್ದರಲ್ಲಿ ವರ್ಚುವಲ್‌ಡಬ್ ಬಳಸಿ ಹಫ್‌ವೈಯುವಿ ಎಂಬ ನಷ್ಟವಿಲ್ಲದ ಕೊಡೆಕ್ಕಿನಲ್ಲಿ ತೆಗೆದು ಆಮೇಲೆ ಎಫ್‌ಎಫ್‌ವಿ1ಕ್ಕೆ ಬದಲಿಸಬಹುದು. ಡಾಂಗಲ್ ಜತೆ ಬರುವ ಸಿಡಿಯ ಸಾಫ್ಟ್‌ವೇರು ಮಾತ್ರ ಬೇಡ, ಅದು ಸಾಮಾನ್ಯವಾಗಿ ಹಿಂಡಿಯೇ ಉಳಿಸುತ್ತದೆ. ಆರ್‌ಸಿಎಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಪೆಟ್ಟಿಗೆಗಳಂತೂ ಈ ಕೆಲಸಕ್ಕೆ ಸಲ್ಲವೇ ಸಲ್ಲ: ಎರಡು ಫೀಲ್ಡುಗಳನ್ನು ಕಲಸಿ, ಚಿತ್ರವನ್ನು 720 ಅಥವಾ 1080 ಗೆರೆಗೆ ಎಳೆದು, ಮೂಲಕ್ಕೆ ಮರಳಲಾಗದಂತೆ ಮಾಡುತ್ತವೆ.

ರೆಕಾರ್ಡ್ ಮಾಡುವಾಗ ಫೈಲು ಬರೆಯುವ ಡಿಸ್ಕಿಗೆ ಬೇರೆ ಕೆಲಸ ಕೊಡಬೇಡಿ. ವಿ210ಕ್ಕೆ ಸೆಕೆಂಡಿಗೆ 27.6 ಎಂಬಿ ಬೇಕು. ಹಳೆಯ ಯುಎಸ್‌ಬಿ 2 ಡಿಸ್ಕುಗಳ ಗರಿಷ್ಠ ವೇಗವೂ ಅಲ್ಲಲ್ಲೇ ಇರುವುದರಿಂದ ಫ್ರೇಮು ಬೀಳುವ ಅಪಾಯ ಹೆಚ್ಚು.

ಹೊಳಪಿನ ಮಟ್ಟ 10 ಬಿಟ್ಟಿನಲ್ಲಿ ಕಪ್ಪಿಗೆ 64, ಬಿಳಿಗೆ 940. ಟೇಪಿನ ಶುರುವಿನಲ್ಲಿ ಬಣ್ಣದ ಪಟ್ಟಿಗಳಿದ್ದರೆ ಅವನ್ನು ಇಟ್ಟುಕೊಂಡೇ ಹೊಂದಿಸಿ. ಕ್ಯಾಮ್‌ಕಾರ್ಡರಿನಲ್ಲಿ ತೆಗೆದ ಟೇಪುಗಳಲ್ಲಿ ರಂಗದ ದೀಪ, ಬಿಳಿ ಪಂಚೆ, ಟ್ಯೂಬ್‌ಲೈಟು 940ನ್ನು ದಾಟಿ ಹೋಗಿರುತ್ತವೆ. ಟಿಬಿಸಿಯಲ್ಲಿರುವ ಹೊಳಪು ಹೊಂದಿಸುವ ಪ್ರಾಕ್ ಆಂಪ್ ತಿರುಪಿನಿಂದ ಅದನ್ನು ಕೆಳಗಿಳಿಸಬೇಕು. ತಲೆ ಕತ್ತರಿಸಿಹೋದ ಬಿಳಿಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ತಂದುಕೊಡದು.

ಧ್ವನಿಯನ್ನು ಜನ ಮರೆಯುವುದೇ ಹೆಚ್ಚು. ಹೈ-ಫೈ ವಿಎಚ್‌ಎಸ್ ಟೇಪಿನಲ್ಲಿ ಅಂಚಿನ ಲೀನಿಯರ್ ಟ್ರ್ಯಾಕ್ ಒಂದು, ಚಿತ್ರದ ಕೆಳಗೆ ಹೈ-ಫೈ ಟ್ರ್ಯಾಕ್ ಇನ್ನೊಂದು ಇರುತ್ತವೆ. ಎರಡನ್ನೂ ಕೇಳಿ ನೋಡಿ. ಯು-ಮ್ಯಾಟಿಕ್‌ನ ಎರಡು ಚಾನೆಲ್ಲುಗಳಲ್ಲಿ ಒಂದರಲ್ಲಿ ನಿರೂಪಣೆ, ಇನ್ನೊಂದರಲ್ಲಿ ಸ್ಥಳದ ಸದ್ದು ಇದ್ದೀತು. ಬೀಟಾಕ್ಯಾಮ್ ಎಸ್‌ಪಿಯಲ್ಲಿ ನಾಲ್ಕು ಚಾನೆಲ್ಲುಗಳವರೆಗೂ ಇರಬಹುದು. ಎಲ್ಲವನ್ನೂ ಬೇರೆ ಬೇರೆಯಾಗಿಯೇ ತೆಗೆಯಿರಿ, ಒಂದರಲ್ಲಿ ಬೆರೆಸಬೇಡಿ.

ಅಮೆರಿಕದ ಕನ್ನಡ ಕೂಟಗಳಿಂದ, ಅಲ್ಲಿನ ಬಂಧುಗಳಿಂದ ಬಂದ ಟೇಪುಗಳು ಎನ್‌ಟಿಎಸ್‌ಸಿಯವು: 525 ಗೆರೆ, ಸೆಕೆಂಡಿಗೆ 29.97 ಫ್ರೇಮು. ನಮ್ಮ ಕಡೆಯ ಮಲ್ಟಿ ಸಿಸ್ಟಂ ವಿಸಿಆರುಗಳು ಅವನ್ನು ಟಿವಿಯಲ್ಲಿ ತೋರಿಸಲೆಂದು ಪಾಲ್ 60 ಎಂಬ ಮಿಶ್ರ ಸಿಗ್ನಲ್ ಹೊರಡಿಸುತ್ತವೆ. ಅದನ್ನು ರೆಕಾರ್ಡ್ ಮಾಡಬೇಡಿ. ಶುದ್ಧ ಎನ್‌ಟಿಎಸ್‌ಸಿ ಹೊರಡಿಸುವ ಡೆಕ್ ಹುಡುಕಿ, ಕಾರ್ಡನ್ನೂ ಅದಕ್ಕೇ ಹೊಂದಿಸಿ.

ಬೂಷ್ಟು, ಅಂಟು, ಹೆಡ್ಡು

ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಟೇಪಿಗೆ ಬೂಷ್ಟು ಹಿಡಿದಿರುವುದು ಸಾಮಾನ್ಯ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿಯೋ ಎಳೆಯೋ ಕಂಡರೆ ಡೆಕ್ಕಿಗೆ ಹಾಕಲೇಬೇಡಿ. ಹೆಡ್ಡು ಕಟ್ಟಿಕೊಳ್ಳುತ್ತದೆ, ಟೇಪು ಹರಿಯುತ್ತದೆ, ಆ ಡೆಕ್ಕಿಗೆ ಮುಂದೆ ಹಾಕುವ ಪ್ರತಿ ಟೇಪಿಗೂ ಬೀಜಕಣ ಅಂಟುತ್ತದೆ. ಅಂಥ ಕ್ಯಾಸೆಟ್ಟುಗಳನ್ನು ಬೇರೆ ಇಟ್ಟು, ಒಣ ಜಾಗದಲ್ಲಿ ಸಿಲಿಕಾ ಜೆಲ್ ಜತೆ ಕೆಲವು ವಾರ ಇಟ್ಟರೆ ಬೂಷ್ಟು ಒಣಗಿ ಪುಡಿಯಾಗುತ್ತದೆ. ಆಮೇಲೆ ಮಾಸ್ಕು, ಗ್ಲೌಸು ಹಾಕಿಕೊಂಡು, ಇದಕ್ಕೆಂದೇ ಬಲಿಕೊಟ್ಟ ಒಂದು ಹಳೆಯ ರಿವೈಂಡರಿನಲ್ಲಿ ಎಳೆನಾರು ಬಿಡದ ಬಟ್ಟೆ ಒತ್ತಿ ಹಿಡಿದು ನಿಧಾನವಾಗಿ ಸುತ್ತಬೇಕು. ಕ್ಯಾಸೆಟ್ಟಿನ ಕವಚ ಒಡೆದಿದ್ದರೆ ವಿಎಚ್‌ಎಸ್‌ನ ಐದು ಸ್ಕ್ರೂ ಬಿಚ್ಚಿ ಸುರುಳಿಗಳನ್ನು ಇನ್ನೊಂದು ಕವಚಕ್ಕೆ ವರ್ಗಾಯಿಸಬಹುದು.

ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ ಜಿಗುಟಾಗುವುದು ಇನ್ನೊಂದು ರೋಗ. ಯು-ಮ್ಯಾಟಿಕ್‌ಗಳಲ್ಲಿ ಇದು ಹೆಚ್ಚು. ಟೇಪು ಕಿರುಗುಟ್ಟುತ್ತದೆ, ಹೆಡ್ಡಿನ ಮೇಲೆ ಕಂದು ಮೆತ್ತಿಕೊಳ್ಳುತ್ತದೆ. ತಕ್ಷಣ ನಿಲ್ಲಿಸಿ. 50ರಿಂದ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಒಣ ಶಾಖ ಕೊಟ್ಟರೆ ಅಂಟು ತಾತ್ಕಾಲಿಕವಾಗಿ ಗಟ್ಟಿಯಾಗುತ್ತದೆ, ಕೆಲವು ವಾರಗಳೊಳಗೆ ಪ್ರತಿ ತೆಗೆದು ಮುಗಿಸಬೇಕು. ಶಾಖ ಸ್ಥಿರವಾಗಿರುವ ಪ್ರಯೋಗಾಲಯದ ಇನ್‌ಕ್ಯುಬೇಟರ್ ಇದಕ್ಕೆ ಸರಿ. ಅಡುಗೆಮನೆಯ ಓವನ್ ಬೇಡ, ಅದರ ಶಾಖ ಏರಿಳಿಯುತ್ತದೆ.

ಹೆಡ್ಡು ಒರೆಸುವುದಕ್ಕೆ ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಶ್ಯಾಮಿ ಚರ್ಮದ ಕಡ್ಡಿ. ಡೆಕ್ಕಿನ ಕರೆಂಟ್ ತೆಗೆದು, ಕಡ್ಡಿಯನ್ನು ಡ್ರಮ್ಮಿನ ಮೇಲೆ ಅಲುಗಾಡದಂತೆ ಹಿಡಿದು, ಡ್ರಮ್ಮನ್ನೇ ಕೈಯಿಂದ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಯ ಕಡ್ಡಿ ಬಳಸಿದರೆ ಅದರ ಎಳೆ ಸಿಕ್ಕಿಕೊಂಡು ಅದೇ ಅನಾಹುತ. ಹೊಸ ಟೇಪು ಹಾಕುವ ಮೊದಲು ಕ್ಯಾಸೆಟ್ಟಿನ ರೆಕಾರ್ಡ್ ಟ್ಯಾಬ್ ಮುರಿದಿದೆಯೇ ನೋಡಿ, ಮುರಿದಿಲ್ಲದಿದ್ದರೆ ಮುರಿಯಿರಿ.

ಬಂದದ್ದು ಸರಿಯಿದೆಯೇ

ಕ್ಯೂಸಿಟೂಲ್ಸ್ ಎಂಬ ಉಚಿತ ತಂತ್ರಾಂಶ ಇಡೀ ಟೇಪಿನ ಹೊಳಪು, ಬಣ್ಣ, ಫ್ರೇಮಿನಿಂದ ಫ್ರೇಮಿಗಿರುವ ವ್ಯತ್ಯಾಸಗಳನ್ನು ಗ್ರಾಫಾಗಿ ಬಿಡಿಸುತ್ತದೆ. ಒಂದು ಗಂಟೆಯ ಟೇಪನ್ನು ಒಂದು ಗಂಟೆ ಕೂತು ನೋಡುವ ಬದಲು ಗ್ರಾಫಿನಲ್ಲಿ ಮುಳ್ಳಿನಂತೆ ಎದ್ದ ಕಡೆಗಷ್ಟೇ ಹಾರಿ ನೋಡಬಹುದು. ಹೆಡ್ಡು ಕಟ್ಟಿಕೊಂಡ ಜಾಗ ಅಲ್ಲಿ ತಕ್ಷಣ ತಿಳಿಯುತ್ತದೆ. ವಿಎಚ್‌ಎಸ್ ಚಿತ್ರದ ತೀರಾ ಕೆಳಗೆ ಹರಿದಂತೆ ಕಾಣುವ ಕೆಲವು ಗೆರೆಗಳು ಮಾತ್ರ ದೋಷವಲ್ಲ. ಹೆಡ್ಡು ಬದಲಾಗುವ ಗುರುತು ಅದು. ಟಿವಿಯ ಅಂಚಿನಲ್ಲಿ ಮುಚ್ಚಿಹೋಗುತ್ತಿತ್ತು. ಮೂಲಪ್ರತಿಯಲ್ಲಿ ಅದನ್ನು ಕತ್ತರಿಸಬೇಡಿ.

ವಿ210ರಲ್ಲಿ ತೆಗೆದು ಆಮೇಲೆ ಎಫ್‌ಎಫ್‌ವಿ1ಕ್ಕೆ ಬದಲಿಸಿದವರು ಎಫ್‌ಎಫ್‌ಎಂಪೆಗ್‌ನ ಫ್ರೇಮ್‌ಎಂಡಿ5 ಬಳಸಿ ಎರಡೂ ಫೈಲಿನ ಪ್ರತಿ ಫ್ರೇಮಿನ ತಾಳೆ ಸಂಖ್ಯೆ ತೆಗೆಯಿರಿ. ಎರಡು ಪಟ್ಟಿ ಅಕ್ಷರಶಃ ಒಂದೇ ಆಗಿದ್ದರೆ ಮಾತ್ರ ವಿ210 ಅಳಿಸಿ. ಫೀಲ್ಡುಗಳ ಕ್ರಮ ಫೈಲಿನಲ್ಲಿ ಸರಿಯಾಗಿ ನಮೂದಾಗಿದೆಯೇ ಎಂದು ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೊದಲ್ಲಿ ನೋಡಿ: ಅನಲಾಗ್ ಪಾಲ್‌ಗೆ ಮೇಲಿನ ಫೀಲ್ಡ್ ಮೊದಲು, ಡಿವಿಗೆ ಕೆಳಗಿನದು ಮೊದಲು. ಇದು ತಿರುವುಮುರುವಾದರೆ ಓಡುವ ಮನುಷ್ಯ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹಾಕಿದಂತೆ ನಡುಗುತ್ತಾನೆ.

ಒಂದು ಗಂಟೆಯ ಟೇಪಿಗೆ ಪರೀಕ್ಷೆ, ಸ್ವಚ್ಛತೆ, ಹೆಸರು ಬರೆಯುವುದು ಎಲ್ಲ ಸೇರಿ ಮೂರು ಗಂಟೆ ಎಂದು ಲೆಕ್ಕ ಇಟ್ಟುಕೊಳ್ಳಿ. 200 ಗಂಟೆಗೆ 600. ದಿನಕ್ಕೆ ಆರು ಗಂಟೆ ಕೂತರೆ ನೂರು ದಿನದ ಕೆಲಸ.

ಇಡುವುದೆಲ್ಲಿ

ಕನಿಷ್ಠ ಎರಡು ಪ್ರತಿ ಬೇಕು, ಮೂರಿದ್ದರೆ ನೆಮ್ಮದಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಎರಡು ಹಾರ್ಡ್ ಡಿಸ್ಕುಗಳನ್ನು ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಳ್ಳಬೇಡಿ. ಒಂದೇ ಕಂತಿನವು ಒಟ್ಟಿಗೆ ಕೆಡುವ ಸಾಧ್ಯತೆ ಇರುತ್ತದೆ. ವರ್ಷಕ್ಕೊಮ್ಮೆಯಾದರೂ ಓಡಿಸಿ ತಾಳೆ ಸಂಖ್ಯೆ ನೋಡಬೇಕು, ಐದು ವರ್ಷದ ಹೊತ್ತಿಗೆ ಹೊಸ ಡಿಸ್ಕಿಗೆ ವರ್ಗಾಯಿಸಬೇಕು. ಎಸ್‌ಎಸ್‌ಡಿಯನ್ನು ಕರೆಂಟಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿ ಇಡುವುದು ಅಪಾಯ.

ಸಂಗ್ರಹ ದೊಡ್ಡದಿದ್ದರೆ ಕಂಪ್ಯೂಟರ್ ಫೈಲುಗಳನ್ನು ಉಳಿಸುವ ಎಲ್‌ಟಿಒ ಟೇಪು ಅಗ್ಗ: ಎಲ್‌ಟಿಒ 6ರಲ್ಲಿ 2.5 ಟಿಬಿ, 8ರಲ್ಲಿ 12 ಟಿಬಿ ಹಿಡಿಯುತ್ತದೆ. ಕಾರ್ಟ್ರಿಡ್ಜ್ ಅಗ್ಗ, ಡ್ರೈವು ದುಬಾರಿ. ಹಳೆಯ ಡ್ರೈವ್ ಕೊಳ್ಳುವಾಗ ಒಂದು ವಿಷಯ ಗಮನದಲ್ಲಿರಲಿ: 7ರ ತನಕದ ಡ್ರೈವುಗಳು ಹಿಂದಿನ ಎರಡು ಪೀಳಿಗೆಯ ಟೇಪು ಓದುತ್ತಿದ್ದವು. 8ರ ಡ್ರೈವು 7ನ್ನು ಮಾತ್ರ ಓದುತ್ತದೆ, 6ನ್ನು ಓದದು. ಎಲ್‌ಟಿಎಫ್‌ಎಸ್ ಎಂಬ ಮುಕ್ತ ಜೋಡಣೆ ಬಳಸಿ ಬರೆದರೆ ಬೇರೊಬ್ಬರ ಕಂಪ್ಯೂಟರಿನಲ್ಲೂ ಫೈಲುಗಳು ತೆರೆಯುತ್ತವೆ. ಯೂಟ್ಯೂಬಿಗೆ ಏರಿಸಿದ್ದು ಜನ ನೋಡುವುದಕ್ಕೆ ಆಯಿತು, ಸಂಗ್ರಹಕ್ಕಲ್ಲ. ಅಲ್ಲಿ ಎಲ್ಲವೂ ಮತ್ತೊಮ್ಮೆ ಹಿಂಡಲ್ಪಡುತ್ತದೆ.

ಫೈಲಿಗೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಸರಳ ಹೆಸರಿಡಿ. ವಿವರವೆಲ್ಲ ಕನ್ನಡದಲ್ಲಿ ಬೇರೆ ಪಟ್ಟಿಯಲ್ಲಿರಲಿ. ಅನೇಕ ಸಂಸ್ಥೆಗಳ ಹಳೆಯ ಪಟ್ಟಿಗಳು ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿವೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳು. ಈಗಲೇ ಯೂನಿಕೋಡಿಗೆ ಬದಲಿಸಿ, ಯುಟಿಎಫ್-8ರ ಸಿಎಸ್‌ವಿಯಾಗಿ ಉಳಿಸಿ, ವಿಡಿಯೊಗಳ ಜತೆಯಲ್ಲೇ ಇಡಿ. ಕ್ಯಾಸೆಟ್ಟಿನ ಡಬ್ಬ, ಚೀಟಿ, ಬೆನ್ನಿನ ಬರಹಗಳ ಫೋಟೊ ಸೇರಿಸಿ. ಕೈಬರಹದಲ್ಲಿ ಯಾರ ಹೆಸರಿದೆ, ಯಾವ ಊರಿದೆ ಎನ್ನುವುದು ಎಷ್ಟೋ ಸಲ ಚಿತ್ರದೊಳಗೆ ಎಲ್ಲೂ ಇರುವುದಿಲ್ಲ.

ನೋಡುವ ಪ್ರತಿ

ಜನರಿಗೆ ಕೊಡಲು ಎಚ್.264 ಎಂಪಿ4 ಸಾಕು: ಸೆಕೆಂಡಿಗೆ 4ರಿಂದ 5 ಮೆಗಾಬಿಟ್, ಎಎಸಿ ಧ್ವನಿ, ಗಂಟೆಗೆ ಸುಮಾರು 2 ಜಿಬಿ. ಚಿತ್ರದ ಅಳತೆ 768ಕ್ಕೆ 576 ಇರಲಿ; 4:3ರ ಚಿತ್ರವನ್ನು ಅಗಲದ ಪರದೆಗೆ ಎಳೆದು ಮುಖಗಳನ್ನು ಉಬ್ಬಿಸಬೇಡಿ.

ಎರಡು ಫೀಲ್ಡುಗಳ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗ ಇದೆ ಎಂದೆವಲ್ಲ, ಅದು ಕೆಲಸಕ್ಕೆ ಬರುವುದು ಇಲ್ಲಿ. ಫೀಲ್ಡುಗಳನ್ನು ಬಿಡಿಸುವಾಗ ಎಲ್ಲರೂ ಸೆಕೆಂಡಿಗೆ 25 ಫ್ರೇಮಿಗೆ ಇಳಿಸುತ್ತಾರೆ. ಅಲ್ಲಿಗೆ ಚಲನೆಯ ಅರ್ಧ ಕಳೆಯಿತು. ಎಫ್‌ಎಫ್‌ಎಂಪೆಗ್‌ನ ಬಿಡಬ್ಲ್ಯುಡಿಐಎಫ್ ಫಿಲ್ಟರಿನಲ್ಲಿ ಪ್ರತಿ ಫೀಲ್ಡಿಗೂ ಒಂದು ಫ್ರೇಮ್ ಎಂದು ಹೇಳಿದರೆ ಸೆಕೆಂಡಿಗೆ 50 ಫ್ರೇಮು ಸಿಗುತ್ತವೆ. ಭಾಷಣಕ್ಕೆ ಇದು ಅಷ್ಟೇನೂ ಮುಖ್ಯವಲ್ಲ. ಯಕ್ಷಗಾನದ ಧಿಗಿಣಕ್ಕೆ, ಭರತನಾಟ್ಯದ ಪಾದಭೇದಕ್ಕೆ, ಮದ್ದಳೆಯ ಮೇಲೆ ಓಡುವ ಬೆರಳುಗಳಿಗೆ ಇದೇ ಮುಖ್ಯ: ಹೆಜ್ಜೆ ನೆಲ ಮುಟ್ಟಿದ ಕ್ಷಣ 25ರ ಪ್ರತಿಯಲ್ಲಿ ಮಸುಕಾಗುತ್ತದೆ, 50ರಲ್ಲಿ ಕಲಿಯುವವರು ನಿಲ್ಲಿಸಿ ನೋಡುವಷ್ಟು ಸ್ಪಷ್ಟವಾಗಿರುತ್ತದೆ. ಮೂಲಪ್ರತಿಯಲ್ಲಿ ಮಾತ್ರ ಫೀಲ್ಡುಗಳನ್ನು ಬಿಡಿಸದೆ ಟೇಪಿನಲ್ಲಿ ಇದ್ದಂತೆಯೇ ಇಡಬೇಕು. ಬಿಡಿಸುವ ವಿಧಾನ ಮುಂದೆ ಇನ್ನೂ ಸುಧಾರಿಸುತ್ತದೆ, ಆಗ ಅದೇ ಮೂಲದಿಂದ ಮತ್ತೊಂದು ಪ್ರತಿ ತೆಗೆಯಬಹುದು.

ಎಲ್ಲ ಮುಗಿದಮೇಲೆ ಟೇಪುಗಳನ್ನು ಎಸೆಯಬೇಡಿ. ಪೂರ್ತಿ ರಿವೈಂಡ್ ಮಾಡಿ, ಡಬ್ಬದಲ್ಲಿ ಹಾಕಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಉಷ್ಣತೆ ತೇವ ಹೆಚ್ಚು ಏರಿಳಿಯದ ಕೋಣೆಯಲ್ಲಿ ಇಡಿ. ಹೆಡ್ಡಿನಿಂದ ನೇರವಾಗಿ ಕಚ್ಚಾ ರೇಡಿಯೊ ಸಿಗ್ನಲ್ಲನ್ನೇ ಎತ್ತಿಕೊಂಡು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ವಿಎಚ್‌ಎಸ್-ಡಿಕೋಡ್ ಎಂಬ ಮುಕ್ತ ಯೋಜನೆ ಈಗ ಬೆಳೆಯುತ್ತಿದೆ. ಡೆಕ್ಕಿನ ಹಳೆಯ ಸರ್ಕ್ಯೂಟುಗಳನ್ನೂ ಟಿಬಿಸಿಯನ್ನೂ ದಾಟಿ ಹೋಗುವ ಆ ವಿಧಾನಕ್ಕೆ ಬೇಕಾದದ್ದು ಓಡುವ ಒಂದು ಹೆಡ್ಡು ಮತ್ತು ಟೇಪು.